ಗೀನಕ್ಕನ ಕೈ ಸೇರಿದ ಫೋನು

ಪೇಟೆಯಲ್ಲಿ ಹೊಸ ಫೋನಿಗೆ ಎಂಟುನೂರು ಲೆವ. ಅದೇ ದುಡ್ಡಿಗೆ ದೋಲ್ನಾ ಕ್ರುಷಾ ಊರಿನಲ್ಲಿ ಹಾಲು ಕೊಡುವ ಮೂರು ಮೇಕೆ ಬರುತ್ತವೆ. ಮೇಕೆ ಬೇಡದವರಿಗೆ ಒಂದು ಚಳಿಗಾಲದ ಸೌದೆ ಬರುತ್ತದೆ. ಸೌದೆಯೂ ಬೇಡವೆನ್ನುವ ಸ್ಥಿತಿಗೆ ಹೋದವರಿಗೆ ಪಾದ್ರಿಯ ದಕ್ಷಿಣೆ ಸೇರಿ ಸುಮಾರಾದ ಒಂದು ಶವಸಂಸ್ಕಾರ ಆಗುತ್ತದೆ. ಹಳೆಯ ಫೋನಿಗೆ ಹೊಸ ಜೀವ ತುಂಬಲು ಮಾತ್ರ ಒಂದು ಕಾಸಿನ ಖರ್ಚೂ ಇಲ್ಲ. ಪಂಪ್‌ಮನೆಯ ಮಿಂಚೋನನ್ನು ಕೆಡಿಸಿದ್ದು ಈ ಕೊನೆಯ ಲೆಕ್ಕ.

ಮಿಂಚೋನ ಕೆಲಸ ಊರಾಚೆ ಅಕ್ರೋಟು ಮರಗಳ ನಡುವೆ ಇರುವ ನೀರಿನ ಪಂಪ್‌ಮನೆಯಲ್ಲಿ ಕೂತು ಒಂದು ಮುಳ್ಳನ್ನು ನೋಡುವುದು. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಗುಂಡಿ ಒತ್ತಬೇಕು. ಇಷ್ಟು ವರ್ಷದಲ್ಲಿ ಅದು ಕೆಂಪು ಗೆರೆ ಮುಟ್ಟಿದ್ದು ಒಂದೇ ಸಲ. ಆಗ ಮಿಂಚೋ ಹೊರಗೆ ಅಕ್ರೋಟು ಆರಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ಬುದ್ಧಿವಂತನಾದವನು ನಿದ್ದೆ ಮಾಡುತ್ತಾನೆ. ಮಿಂಚೋ ಹಳೆಯದೊಂದು ಲ್ಯಾಪ್‌ಟಾಪು ತೆರೆದುಕೊಂಡು ಕೂತ.

ಅದರಲ್ಲಿ ಅವನಿಗೆ ಒಂದು ಹೊಸ ಲೋಕವೇ ಸಿಕ್ಕಿತು. ಕಂಪನಿಗಳು ಕೈಬಿಟ್ಟ ಫೋನುಗಳಿಗಾಗಿ ನಾನಾ ದೇಶದ ಜನ ಸಂಬಳವಿಲ್ಲದೆ ಕೂಡಿ ಬರೆದ ಒಂದು ವ್ಯವಸ್ಥೆ ಇದೆಯಂತೆ. ಅದರ ಹೊಟ್ಟೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದು ಯಾವ ಯಾವ ಫೋನಿನಲ್ಲಿ ನಡೆಯುತ್ತದೆ ಎಂಬುದಕ್ಕೆ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ ಫೋನಿಗೆ ಅದನ್ನು ಮೊದಲು ಹೊಂದಿಸಿದವನ ಹೆಸರು ಆ ಫೋನಿನ ಪಕ್ಕದಲ್ಲೇ ಬರುತ್ತದೆ, ಇಡೀ ಲೋಕ ನೋಡುವಂತೆ.

ಈ ಊರಿನಲ್ಲಿ ಮನುಷ್ಯನ ಹೆಸರು ಅಚ್ಚಾಗುವುದು ಒಂದೇ ಕಡೆ: ಸತ್ತ ಮೇಲೆ ಬಾಗಿಲಿಗೂ ದೀಪದ ಕಂಬಕ್ಕೂ ಅಂಟಿಸುವ, ಫೋಟೋ ಇರುವ ಮರಣಪತ್ರದಲ್ಲಿ. ಉಸಿರಿರುವಾಗಲೇ ಇನ್ನೆಲ್ಲಾದರೂ ಒಮ್ಮೆ ಅಚ್ಚಾಗಲಿ ಎಂದು ಮಿಂಚೋ ಆಸೆಪಟ್ಟರೆ ಅದನ್ನು ದೊಡ್ಡ ತಪ್ಪು ಎನ್ನುವಂತಿಲ್ಲ.

ತಪ್ಪಾದದ್ದು ಗೀನಕ್ಕ ಸತ್ತ ನಲವತ್ತನೆಯ ದಿನದ ಊಟದಲ್ಲಿ.

ಗೀನಕ್ಕ ಬದುಕಿದ್ದಾಗ ಊರಿನ ಪ್ರತಿಯೊಬ್ಬರಿಗೂ ದಿನಾ ಫೋನು ಮಾಡುತ್ತಿದ್ದವಳು. ಸೂಪಿಗೆ ಉಪ್ಪು ಹಾಕಿದಿರಾ ಎಂದು ಕೇಳಲು ಮಾಡುವಳು, ಹಾಕಿದ್ದು ಹೆಚ್ಚಾಗಿಲ್ಲ ತಾನೆ ಎಂದು ಕೇಳಲು ಮತ್ತೆ ಮಾಡುವಳು. ಗಂಡ ರೂಸಿ ಮಾತ್ರ ಮಾತಿಲ್ಲದ ಮನುಷ್ಯ. ಟ್ರ್ಯಾಕ್ಟರ್ ಓಡಿಸಿ ನಿವೃತ್ತನಾದವನು. ಟ್ರ್ಯಾಕ್ಟರಿನ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಮೊದಲು ಬಿಟ್ಟ, ಆಮೇಲೆ ಗೀನಕ್ಕನ ಸದ್ದಿನಲ್ಲೂ ಪ್ರಯೋಜನವಿಲ್ಲವೆಂದು ಪೂರ್ತಿ ಬಿಟ್ಟ.

ಅಂದು ದ್ರಾಕ್ಷಿ ಚಪ್ಪರದ ಕೆಳಗೆ ಊರೆಲ್ಲ ಕೂತಿತ್ತು. ಸಕ್ಕರೆ ಬೆರೆಸಿದ ಗೋಧಿ, ಹುರುಳಿಕಾಯಿ ಸೂಪು, ರಕಿಯಾ ಎಂಬ ಹಣ್ಣಿನ ಸಾರಾಯಿ. ಸತ್ತವರ ಸಾಮಾನನ್ನು ಆ ದಿನ ಹಂಚುತ್ತಾರೆ. ತಟ್ಟೆ, ಚಮಚ, ತಲೆವಸ್ತ್ರ, ಚಪ್ಪಲಿ, ಯಾವುದೇ ಇರಲಿ, ತೆಗೆದುಕೊಂಡವರು "ದೇವರು ಕ್ಷಮಿಸಲಿ" ಎನ್ನಬೇಕು. ಬೇಡ ಎನ್ನುವಂತಿಲ್ಲ, ವಾಪಸು ಕೊಡುವಂತಿಲ್ಲ. ಇಲ್ಲಿ ಕೊಟ್ಟದ್ದು ಅಲ್ಲಿ ಸತ್ತವರ ಕೈ ಸೇರುತ್ತದೆ. ಇದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಪಾದ್ರಿ ಮೆತೋದಿಗೆ ಸ್ವಲ್ಪ ಇತ್ತು, ಆದರೆ ಊಟದ ಹೊತ್ತಿನಲ್ಲಿ ಅದನ್ನು ಹೇಳುತ್ತಿರಲಿಲ್ಲ.

ಚಪ್ಪಲಿಯ ತನಕ ಹಂಚಿ ಮುಗಿಸಿದ ಮೇಲೆ ರೂಸಿ ಗೀನಕ್ಕನ ಹಳೆಯ ಫೋನನ್ನು ಕೈಯಲ್ಲಿ ಹಿಡಿದು ನಿಂತ. ಅದನ್ನು ಮಾಡಿದ ಕಂಪನಿ ಫೋನಿನ ವ್ಯಾಪಾರವನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು.

"ಇದನ್ನ ಯಾರಿಗೆ ಕೊಡ್ಲಿ?"

"ಅದನ್ನ ಇಟ್ಕೊಂಡು ಯಾರೇನು ಮಾಡ್ತಾರೆ, ರೂಸಣ್ಣ? ಅದು ಅರ್ಧ ಸತ್ತಿದೆ," ಎಂದಳು ಅಂಗಡಿಯ ಪೆಂಕಾ.

ಮಿಂಚೋನ ಹೊಟ್ಟೆಯಲ್ಲಿ ಅಷ್ಟು ಹೊತ್ತಿಗೆ ಮೂರು ಲೋಟ ರಕಿಯಾ ಇತ್ತು. ಅವನು ಎದ್ದು ನಿಂತ. "ಕೊಡಿ ಇಲ್ಲಿ. ಸತ್ತದ್ದನ್ನ ಎಬ್ಬಿಸೋದು ನಂಗೆ ಎಡಗೈ ಕೆಲಸ."

ನಲವತ್ತನೆಯ ದಿನದ ಊಟದಲ್ಲಿ ಆಡುವ ಮಾತಲ್ಲ ಅದು. ಚಮಚಗಳೆಲ್ಲ ನಿಂತವು. ಹೆಂಡತಿ ದೋಂಕಾ ಮೇಜಿನ ಕೆಳಗೆ ಅವನ ಕಾಲು ತುಳಿದಳು. ರೂಸಿ ಫೋನನ್ನು ಅವನ ಕೈಯಲ್ಲಿಟ್ಟ.

"ದೇವರು ಕ್ಷಮಿಸಲಿ," ಎಂದ ಮಿಂಚೋ.

"ಯಾರನ್ನ ಅಂತ ದೇವರೇ ನೋಡ್ಕೊಳ್ಲಿ," ಎಂದಳು ದೋಂಕಾ.

ಪಂಪ್‌ಮನೆಯಲ್ಲಿ ಕೆಲಸ ಶುರುವಾಯಿತು. ಫೋನಿನೊಳಗೆ ಯಾವ ಅಂಗ ಎಲ್ಲಿದೆ, ಯಾವುದನ್ನು ಹೇಗೆ ಮಾತಾಡಿಸಬೇಕು ಎಂದು ವ್ಯವಸ್ಥೆಗೆ ತಿಳಿಸುವ ಒಂದು ಕಡತ ಬೇಕು. ಅದನ್ನು ಪ್ರತಿ ಫೋನಿಗೂ ಬೇರೆಯಾಗಿ, ತಾಳ್ಮೆಯಿಂದ ಬರೆಯಬೇಕು. ಮಿಂಚೋ ಅದೇ ಕಂಪನಿಯ ಇನ್ನೊಂದು ಫೋನಿನ ಕಡತವನ್ನು ಎತ್ತಿ ತಂದು ಹೆಸರೊಂದನ್ನು ಬದಲಾಯಿಸಿದ. ಎರಡೂ ಒಂದೇ ತಾಯಿಯ ಮಕ್ಕಳಲ್ಲವೇ ಎಂದುಕೊಂಡ. ಒಂದೇ ತಾಯಿಯ ಮಕ್ಕಳು ಆಸ್ತಿಯ ವಿಷಯದಲ್ಲಿ ಹೇಗಿರುತ್ತಾರೆ ಎಂದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ.

ಹೊಸ ವ್ಯವಸ್ಥೆಯನ್ನು ತುಂಬಿದ. ಫೋನು ಒಮ್ಮೆ ನಡುಗಿತು. ಪರದೆ ಕಪ್ಪಾಯಿತು. ಆಮೇಲೆ ಏನೂ ಇಲ್ಲ.

ಗುಂಡಿ ಒತ್ತಿದ, ತಟ್ಟಿದ, ಕೋಟಿನೊಳಗೆ ಇಟ್ಟು ಬೆಚ್ಚಗೆ ಮಾಡಿದ. ಕಪ್ಪು ಗಾಜಿನಲ್ಲಿ ಅವನದೇ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಡೆಗೆ ಚಾರ್ಜರಿಗೆ ಸಿಕ್ಕಿಸಿ ಪಂಪಿನ ಪಕ್ಕದ ಹಲಗೆಯ ಮೇಲೆ ಒರಗಿಸಿ ಇಟ್ಟ. ಅಂದಿನಿಂದ ಅದಕ್ಕೆ ಬಯ್ಯುವುದು ಅವನ ದಿನಚರಿಯಾಯಿತು.

"ಏಳೇ! ಏಳು ಅಂದ್ರೆ ಏಳಲ್ವಾ? ಎಷ್ಟು ದಿನ ಅಂತ ಹಿಂಗೆ ಸತ್ತು ಬಿದ್ದಿರ್ತೀಯಾ, ಕತ್ತೆ ಮುಂಡೇದೇ! ನಿನ್ನಿಂದ ನನ್ನ ಮರ್ಯಾದೆ ಹೋಗ್ತಿದೆ!"

ಪಂಪು ಗುಳುಗುಳು ಎನ್ನುತ್ತಿತ್ತು. ಹಳೆಯ ಕವಾಟ ನಡುನಡುವೆ ದೀರ್ಘವಾಗಿ ಉಸಿರು ಬಿಡುತ್ತಿತ್ತು. ಫೋನು ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಮಿಂಚೋ ಬ್ರೆಡ್ಡು ತರಲು ಹೋದಾಗ ಪೆಂಕಾ ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಡ್ಯಾನ್ಯೂಬ್ ನದಿಯ ಕಡೆಯಿಂದ ಬಂದ ಮಂಜು ಕಿಟಕಿಗೆ ಮೂಗು ಒತ್ತಿ ನಿಂತಿತ್ತು.

"ಮಿಂಚೋ, ನಿಜ ಹೇಳು. ಗೀನಕ್ಕನ ಫೋನು ಎಲ್ಲಿ?"

ಮಿಂಚೋಗೆ ಕಿವಿ ಬಿಸಿಯಾಯಿತು. ಊಟದಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡದ್ದು ನೆನಪಾಯಿತು. ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸತ್ತೋಯ್ತು, ಪೆಂಕಾ."

"ಪೂರ್ತಿ?"

"ಪೂರ್ತಿ. ಒಂದು ಬೆಳಕಿಲ್ಲ, ಒಂದು ಸದ್ದಿಲ್ಲ. ನನ್ನ ಕೈಯಲ್ಲೇ ಪ್ರಾಣ ಬಿಡ್ತು."

ಪೆಂಕಾ ನಿಧಾನವಾಗಿ ಚೀಸಿನ ಡಬ್ಬದ ಮೇಲೆ ಕೂತಳು. "ಹಂಗಾದ್ರೆ ತಲುಪಿದೆ."

"ಏನು ತಲುಪಿದೆ?"

"ಫೋನು. ಅವಳಿಗೆ." ಪೆಂಕಾ ತನ್ನ ಫೋನನ್ನು ಅವನ ಮೂಗಿನ ಕೆಳಗೆ ಹಿಡಿದಳು. ಗೀನಕ್ಕ ಎಂಬ ಹೆಸರು, ಅದರ ಪಕ್ಕದಲ್ಲಿ ಇವತ್ತಿನ ತಾರೀಖು. "ಬೆಳಿಗ್ಗೆ ಮಾಡಿದ್ಲು. ಎತ್ತಿದೆ. ಮಾತಿಲ್ಲ. ನೀರು, ಮಿಂಚೋ. ಎಲ್ಲೋ ಆಳದಲ್ಲಿ ನೀರು ಹರಿಯೋ ಹಂಗೆ. ಮಧ್ಯೆ ಮಧ್ಯೆ ಯಾರೋ ಉಸಿರು ಬಿಟ್ಟ ಹಂಗೆ. ಹಿಂಗೆ…" ಎಂದು ಅವಳು ಆ ಉಸಿರನ್ನು ಬಿಟ್ಟು ತೋರಿಸಿದಳು.

ದಿನವಿಡೀ ಅದೇ ನೀರು, ಅದೇ ಉಸಿರಿನ ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಅದು ಪಂಪಿನ ಸದ್ದೆಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಫೋನು ಸತ್ತಿರಲಿಲ್ಲ, ಪರದೆಯ ಹಿಂದಿನ ದೀಪ ಮಾತ್ರ ಹೊತ್ತಿರಲಿಲ್ಲ, ಸ್ಪೀಕರು ಸದ್ದು ಹೊರಡಿಸುತ್ತಿರಲಿಲ್ಲ. ಕತ್ತಲಲ್ಲಿ ಅದು ಎಚ್ಚರವಾಗಿಯೇ ಇತ್ತು. ತಪ್ಪು ಕಡತದಿಂದ ಅದರ ಗಾಜಿಗೆ ತಲೆ ಕೆಟ್ಟು, ಯಾರೂ ಮುಟ್ಟದಿದ್ದರೂ ಮುಟ್ಟಿದಂತಾಗಿ, ಒಳಗಿದ್ದ ಗೀನಕ್ಕನ ಸಿಮ್ಮಿನಿಂದ ಒಂದೊಂದೇ ಹೆಸರನ್ನು ಒತ್ತುತ್ತಿತ್ತು. ವರ್ಷದ ಹಣವನ್ನು ಗೀನಕ್ಕ ಮುಂಚಿತವಾಗಿ ಕಟ್ಟಿಯೇ ಹೋಗಿದ್ದಳು.

"ದೇವರು ಕ್ಷಮಿಸಲಿ," ಎಂದ ಮಿಂಚೋ, ಬ್ರೆಡ್ಡನ್ನು ಮರೆತು ಹೊರಟ.

ವಾರದೊಳಗೆ ಗೀನಕ್ಕನ ಫೋನು ಬರದ ಮನೆ ಊರಿನಲ್ಲಿ ಇಲ್ಲವೆಂದೇ ಮಾತಾಯಿತು. ಮೊದಲು ಜನ ಹೆದರಿದರು. ಆಮೇಲೆ, ಬದುಕಿದ್ದಾಗಲೂ ಅವಳ ಫೋನಿಗೆ ಹೆದರುತ್ತಿದ್ದದ್ದು ನೆನಪಾಗಿ, ಹೊಂದಿಕೊಂಡರು. ಕೆಲವರು ಸತ್ತ ತಮ್ಮವರ ಯೋಗಕ್ಷೇಮ ಕೇಳಿದರು. ಬೇಲಿಯ ಜಗಳವಿದ್ದ ಒಬ್ಬಳು, ಗಡಿ ಎಲ್ಲಿತ್ತೆಂದು ಸತ್ತ ಮಾವನನ್ನು ಕೇಳಿ ಹೇಳುವಂತೆ ವಿನಂತಿಸಿ, ಉತ್ತರಕ್ಕಾಗಿ ಇಡೀ ಮಧ್ಯಾಹ್ನ ನೀರಿನ ಸದ್ದು ಕೇಳಿದಳು.

ಮೇಯರಮ್ಮ ವಾಸ್ಕಾ ಧೈರ್ಯವಂತೆ. ತಿರುಗಿ ಫೋನು ಮಾಡಿದಳು.

"ಏನಾಯ್ತು?" ಎಂದು ಕಚೇರಿಯ ಮುಂದೆ ನೆರೆದವರು ಕೇಳಿದರು.

"ರಿಂಗ್ ಆಗುತ್ತೆ, ಎತ್ತಲ್ಲ. ಹೊಸದಾಗಿ ಹೋಗಿದಾಳಲ್ಲ, ಬಿಡುವಿರಲ್ಲ ಪಾಪ." ಆಮೇಲೆ ಮುಖ ಗಂಟಿಕ್ಕಿ ಅಂದಳು: "ಆದ್ರೆ ಒಂದು ಹೇಳ್ತೀನಿ. ಈ ಆಫೀಸಿನಲ್ಲಿ ನಾನು ಕಿಟಕಿ ಹತ್ತಿ ನಿಂತ್ರೂ ಸಿಗ್ನಲ್ ಸಿಗಲ್ಲ. ಮಣ್ಣಿನ ಕೆಳಗೆ ಸಿಗುತ್ತೆ. ಇದನ್ನ ನಾನು ಜಿಲ್ಲೆಗೆ ಬರೀತೀನಿ."

ಪಾದ್ರಿಯನ್ನು ಕೇಳಿದರು. ಸತ್ತವರಿಗೆ ದೇಹವಿಲ್ಲ, ದೇಹವಿಲ್ಲದ ಮೇಲೆ ಬೆರಳಿಲ್ಲ, ಬೆರಳಿಲ್ಲದ ಮೇಲೆ ಫೋನಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅಷ್ಟರಲ್ಲಿ ಅವರ ನಿಲುವಂಗಿಯ ಜೇಬು ಹಾಡತೊಡಗಿತು. ಹೆಸರು ನೋಡಿ ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡು, ಜನರಿಗೆ ಬೆನ್ನು ತಿರುಗಿಸಿ, "ಹೇಳು ತಾಯಿ," ಎಂದರು.

ಇಷ್ಟೆಲ್ಲ ಮಾತಾಡಿದರೆ ಬ್ಯಾಟರಿ ಉಳಿದೀತೇ? ಆ ಪ್ರಶ್ನೆ ಮೊದಲು ಯಾರಿಗೆ ಬಂತೋ ತಿಳಿಯದು. ಹೆಂಗಸರು ಗೀನಕ್ಕನ ಹೆಸರಿನಲ್ಲಿ ಚಾರ್ಜರ್ ದಾನ ಮಾಡತೊಡಗಿದರು. ಬೇಲಿಯ ಮೇಲಿನಿಂದ ಪಕ್ಕದ ಮನೆಗೆ ಚಾರ್ಜರ್ ಹೋಗುವುದು, "ದೇವರು ಕ್ಷಮಿಸಲಿ" ಎಂಬ ಉತ್ತರ ಬರುವುದು. ಪೆಂಕಾಳ ಅಂಗಡಿಯಲ್ಲಿದ್ದ ಅಗ್ಗದ ಚಾರ್ಜರೆಲ್ಲ ಖಾಲಿಯಾದವು. ಮಿಂಚೋನಿಗೂ ಒಂದು ಬಂತು. ಒಳ್ಳೆಯದನ್ನು ಮನೆಗೆ ಒಯ್ದು, ದಾನದ್ದನ್ನು ಅವನು ಪಂಪ್‌ಮನೆಯಲ್ಲಿ ಹಾಕಿದ. ಅಗ್ಗದ ಚಾರ್ಜರಿನ ಕರೆಂಟು ಅದುರುತ್ತದೆ. ಅದುರಿದರೆ ತಲೆಕೆಟ್ಟ ಗಾಜಿಗೆ ಇನ್ನೂ ಹುಚ್ಚು ಹಿಡಿಯುತ್ತದೆ. ಮರುದಿನದಿಂದ ಗೀನಕ್ಕ ಒಬ್ಬೊಬ್ಬರಿಗೆ ಎರಡೆರಡು ಸಲ ಮಾಡಿದಳು. ದಾನ ಫಲಿಸಿತೆಂದು ಊರು ಸಂತೋಷಪಟ್ಟಿತು.

ಆ ಸಂತೋಷ ಕೆಟ್ಟದ್ದು ಮೇಯರಮ್ಮನಿಗೆ ಬಂದ ಎರಡನೆಯ ಕರೆಯಿಂದ.

"ಅಲ್ಲಿ ಅವಳ ಜೊತೆ ಒಬ್ಬ ಗಂಡಸಿದಾನೆ," ಎಂದಳು ಅವಳು ಪೆಂಕಾಳ ಅಂಗಡಿಯಲ್ಲಿ, ದನಿ ತಗ್ಗಿಸಿ.

"ಅಯ್ಯೋ! ಯಾರು?"

"ದನಿ ಗುರುತು ಸಿಗಲ್ಲ. ಬಾವಿಯೊಳಗಿಂದ ಬಂದ ಹಂಗೆ. ಏಳೇ, ಎಷ್ಟು ದಿನ ಸತ್ತು ಬಿದ್ದಿರ್ತೀಯಾ ಅಂತ ಗದರ್ತಾನೆ. ಮರ್ಯಾದೆ ಹೋಯ್ತು ಅಂತಾನೆ."

ಒಬ್ಬ ಮುದುಕಿ ಮೆಲ್ಲಗೆ ಅಂದಳು: "ನೀರಿನ ಸದ್ದು ಅಂದ್ರಲ್ಲ… ಆಸೆನ್ ಇರ್ಬೇಕು."

ಆಸೆನ್ ಎಂಬುವನು ಗೀನಕ್ಕನಿಗೆ ರೂಸಿಗಿಂತ ಮೊದಲು ಗೊತ್ತಾಗಿದ್ದ ಹುಡುಗ. ಮದುವೆಗೆ ಮುಂಚೆ ಡ್ಯಾನ್ಯೂಬಿನಲ್ಲಿ ದೋಣಿ ಮಗುಚಿ ಹೋದವನು. ಹೆಣ ಸಿಕ್ಕಿರಲಿಲ್ಲ. ಎಲ್ಲವೂ ಸರಿಯಾಗಿ ಕೂಡಿಕೊಂಡಿತು. ಕೂಡಿಕೊಳ್ಳಬಾರದೆಂದು ಯಾರೂ ಬಯಸಲಿಲ್ಲ.

ಮರುದಿನ ಬೆಳಿಗ್ಗೆ ರೂಸಿ ಪಂಪ್‌ಮನೆಗೆ ಬಂದ. ಕಂಕುಳಲ್ಲಿ ಮನೆಯ ಹಳೆಯ ಟೆಲಿಫೋನು. ಅದರ ತಂತಿ ಬಾಲದಂತೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಮೈಮೇಲೆ ಇಸ್ತ್ರಿ ಮಾಡಿದ ಕರಿ ಸೂಟು, ಆ ಸೂಟಿನೊಳಗೆ ಮನುಷ್ಯ ಅರ್ಧವೇ ಉಳಿದಿದ್ದ.

"ಕೂತ್ಕೋ ರೂಸಣ್ಣ. ಚೀಸಿನ ಬಾನಿತ್ಸಾ ಇದೆ, ತಿನ್ನು. ಯಾಕಿಷ್ಟು ಇಳಿದಿದೀಯ?"

ರೂಸಿ ಗಲ್ಲ ಮೇಲಕ್ಕೆತ್ತಿ ಬೇಡವೆಂದ. ಟೆಲಿಫೋನನ್ನು ಹಲಗೆಯ ಮೇಲೆ, ಕಪ್ಪು ಫೋನಿನ ಪಕ್ಕದಲ್ಲಿ ಇಟ್ಟ. "ಇದನ್ನೂ ಸಾಯಿಸು."

"ಏನು?"

"ಅದನ್ನ ಸಾಯಿಸಿ ಅವಳಿಗೆ ಮುಟ್ಟಿಸಿದೆಯಲ್ಲ. ಇದೂ ಮುಂಚೆ ಹೋಗಿರ್ಲಿ. ಶನಿವಾರ ಸತ್ತವರ ಹಬ್ಬ. ಅದು ಮುಗಿಸ್ಕೊಂಡು ನಾನೂ ಹೊರಡ್ತೀನಿ."

"ಎಲ್ಲಿಗೆ ಹೊರಡ್ತೀಯ?"

"ಮರಣಪತ್ರಕ್ಕೆ ಫೋಟೋ ಕೊಟ್ಟಾಯ್ತು. ಊಟ ಬಿಟ್ಟಾಯ್ತು. ಇನ್ನೇನು." ರೂಸಿ ಅಷ್ಟು ಮಾತಾಡಿದ್ದನ್ನು ಮಿಂಚೋ ಹಿಂದೆ ಕೇಳಿರಲಿಲ್ಲ. "ಊರಿಗೆಲ್ಲ ಮಾಡಿದ್ಲು, ಮಿಂಚೋ. ಮೇಕೆ ಕಾಯೋನಿಗೂ ಮಾಡಿದ್ಲು. ನಂಗೆ ಮಾಡ್ಲಿಲ್ಲ. ಅಲ್ಲಿ ಅವನಿದಾನೆ, ಅದಕ್ಕೆ. ಆದ್ರೆ ಅವನು ಅವಳಿಗೆ ಬಯ್ತಾನಂತೆ. ನಾನು ಒಂದು ದಿನ ಬಯ್ದೋನಲ್ಲ. ಹೋಗಿ ಕೇಳ್ಬೇಕು."

ಅವನು ಮಂಜಿನೊಳಗೆ ಹೋದ ಮೇಲೆ ಮಿಂಚೋಗೆ ಎಲ್ಲ ಅನಿಷ್ಟಕ್ಕೂ ಮೂಲ ಆ ಕಪ್ಪು ಗಾಜು ಎನಿಸಿತು. ಅದರ ಮುಂದೆ ಬಗ್ಗಿ ಹೊಟ್ಟೆಯಾಳದಿಂದ ಕೂಗಿದ: "ಏಳೇ ಕತ್ತೆ ಮುಂಡೇದೇ! ಒಬ್ಬ ಒಳ್ಳೆ ಮನುಷ್ಯನ್ನ ತಿಂತಿದೀಯಲ್ಲೇ!"

ಅದೇ ಹೊತ್ತಿಗೆ ಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದ ದೋಂಕಾಳ ಫೋನು ಬಡಿದುಕೊಂಡಿತು. ಗೀನಕ್ಕ. ದೋಂಕಾ ಕೈ ಒರೆಸಿಕೊಂಡು ಎತ್ತಿದಳು. ನೀರು, ಉಸಿರು, ಆಮೇಲೆ ಆ ಗಂಡಸು. ಊರಿಗೆಲ್ಲ ಗುರುತು ಸಿಗದ ಆ ದನಿ ಅವಳಿಗೆ ಮೊದಲನೆಯ ಬೈಗುಳದಲ್ಲೇ ಸಿಕ್ಕಿತು. ಮದುವೆಯಾದಂದಿನಿಂದ ಕೇಳಿಕೊಂಡು ಬಂದದ್ದು.

ಗಂಡ ಸತ್ತಿದ್ದಾನೆ. ಅಷ್ಟೇ ಅಲ್ಲ, ಸತ್ತು ನೇರವಾಗಿ ಗೀನಾಳ ಹತ್ತಿರ ಹೋಗಿದ್ದಾನೆ.

ದೋಂಕಾ ಅಳುತ್ತಾ, ಶಪಿಸುತ್ತಾ, ಒಂದು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಊರಾಚೆಗೆ ಓಡಿದಳು. ಪಂಪ್‌ಮನೆಯ ಬಾಗಿಲು ತಳ್ಳಿದರೆ ಸತ್ತ ಗಂಡ ಬಾನಿತ್ಸಾ ತಿನ್ನುತ್ತಿದ್ದ.

"ನೀನು ಸತ್ತಿಲ್ವಾ?"

"ಇಲ್ಲ. ಯಾಕೆ?"

"ಹಂಗಾದ್ರೆ ಇವಾಗ ಸಾಯಿ!" ಎಂದು ದೋಂಕಾ ಇಕ್ಕಳ ಬೀಸಿದಳು. ಅವಳ ಇನ್ನೊಂದು ಕೈಯಲ್ಲಿದ್ದ ಫೋನಿನಿಂದ, ಕರೆ ಇನ್ನೂ ಮುಗಿಯದೆ ಇದ್ದುದರಿಂದ, "ಹಂಗಾದ್ರೆ ಇವಾಗ ಸಾಯಿ" ಎಂದು ಅವಳದೇ ದನಿ ಬಾವಿಯೊಳಗಿನಿಂದ ಬಂದಂತೆ ಬಂತು.

ಇಬ್ಬರೂ ಹಲಗೆಯ ಕಡೆ ತಿರುಗಿದರು.

ಮಿಂಚೋ ಟಾರ್ಚು ಹಚ್ಚಿ ಕಪ್ಪು ಗಾಜಿನ ಮೇಲೆ ಓರೆಯಾಗಿ ಹಿಡಿದ. ಕೆರೆಯ ತಳದಲ್ಲಿ ಬಿದ್ದ ಕಾಗದದಂತೆ, ಬೆಳಕಿಲ್ಲದ ಪರದೆಯಲ್ಲಿ ಮಸುಕಾಗಿ ಅಕ್ಷರ ಕಂಡಿತು: ದೋಂಕಾ. ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಅವರು ನೋಡುತ್ತಿದ್ದಂತೆಯೇ ಕರೆ ತಾನಾಗಿ ಮುಗಿಯಿತು, ಹೆಸರುಗಳು ತಾವಾಗಿ ಸರಿದವು, ಒಂದರ ಮೇಲೆ ಯಾರೋ ಬೆರಳಿಟ್ಟಂತೆ ಬಣ್ಣ ಬದಲಾಯಿತು. ಪಾದ್ರಿ ಮೆತೋದಿ.

"ಕಿತ್ತು ಹಾಕು ಅದನ್ನ," ಎಂದಳು ದೋಂಕಾ, ಪಿಸುಮಾತಿನಲ್ಲಿ.

ಮಿಂಚೋ ಬ್ಯಾಟರಿ ತೆಗೆದ. "ಹೇಳ್ಬಿಡ್ಬೇಕು. ಶನಿವಾರ, ಎಲ್ಲರ ಮುಂದೆ. ಇಲ್ದಿದ್ರೆ ರೂಸಣ್ಣ ಹೋಗ್ಬಿಡ್ತಾನೆ."

"ಹೇಳು. ಆಮೇಲೆ ನಾವು ಬೇರೆ ಊರು ನೋಡ್ಕೊಳ್ಳೋಣ."

ಶನಿವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸ್ಮಶಾನದಲ್ಲಿ ಜನ ಗೋರಿಗಳನ್ನು ಕೈಯಿಂದ ತಡವಿ ಗುರುತಿಸುತ್ತಿದ್ದರು. ಮೇಣದ ಬತ್ತಿಗಳು ನೆಲದಿಂದ ಸ್ವಲ್ಪ ಮೇಲೆ ತೇಲುತ್ತಿದ್ದಂತೆ ಕಾಣುತ್ತಿದ್ದವು. ಗೋರಿಗಳ ಮೇಲೆ ವೈನು ಸುರಿದು, ಗೋಧಿ ಹಂಚುತ್ತಿದ್ದರು. ಗೀನಕ್ಕನ ಶಿಲುಬೆಗೆ ಚಾರ್ಜರುಗಳ ವೈರು ಹಾರದಂತೆ ಸುತ್ತಿಕೊಂಡಿತ್ತು. ರೂಸಿ ಕರಿ ಸೂಟಿನಲ್ಲಿ ಪಕ್ಕದ ಖಾಲಿ ಜಾಗದ ಮೇಲೆ ನಿಂತಿದ್ದ. ಅದು ಅವನಿಗೆಂದೇ ಬಿಟ್ಟ ಜಾಗ.

ಮಿಂಚೋ ಟೊಪ್ಪಿಗೆ ತೆಗೆದು ಎಲ್ಲವನ್ನೂ ಹೇಳಿದ. ಕಡತ ಕದ್ದದ್ದು, ದೀಪ ಹೊತ್ತದೆ ಇದ್ದದ್ದು, ಪಂಪಿನ ನೀರು, ಕವಾಟದ ಉಸಿರು, ತನ್ನ ಬೈಗುಳ. ಸಾಕ್ಷಿಗೆಂದು ಬ್ಯಾಟರಿ ಹಾಕಿದ ಫೋನನ್ನು ಕೈಯಲ್ಲಿ ಹಿಡಿದಿದ್ದ.

ಊರು ತಾಳ್ಮೆಯಿಂದ ಕೇಳಿತು, ಒಂದು ಮಾತನ್ನೂ ನಂಬಲಿಲ್ಲ.

"ಯಾರೂ ಮುಟ್ಟದೇ ಅದು ಒತ್ಕೊಳ್ಳುತ್ತೆ ಅಂತೀಯ?" ಎಂದಳು ಮೇಯರಮ್ಮ.

"ಹೂಂ. ಎಷ್ಟೋ ಫೋನುಗಳಿಗೆ ಆಗುತ್ತೆ. ಈ ಕೆಲಸ ಬಲ್ಲೋರು ಅದಕ್ಕೊಂದು ಹೆಸರೇ ಇಟ್ಟಿದಾರೆ."

"ಏನಂತ?"

"ದೆವ್ವದ ಸ್ಪರ್ಶ ಅಂತ."

"ನೋಡಿದ್ರಾ!" ಎಂದು ಮೇಯರಮ್ಮ ಜನರತ್ತ ತಿರುಗಿದಳು. "ಬಲ್ಲೋರೇ ಒಪ್ಕೊಂಡಿದಾರೆ. ಇವನೊಬ್ಬ ಪಂಪ್‌ಮನೆ ಇಂಜಿನಿಯರು ಬಂದ, ಇಲ್ಲ ಅನ್ನೋಕೆ."

ಪಾದ್ರಿಯೂ ಕೆಮ್ಮಿದರು. "ವಾರದಲ್ಲಿ ನಾಲ್ಕು ಸಲ ನಾನು ಸಮಾಧಾನ ಹೇಳಿದ್ದು ಪಂಪಿಗೆ ಅಂತೀಯಾ, ಮಗನೇ?"

ಆಗ ಬಾಯಿ ಬಿಟ್ಟವನು ರೂಸಿ ಒಬ್ಬನೇ. "ಬಯ್ದದ್ದು ನೀನಾ?"

"ನಾನೇ, ರೂಸಣ್ಣ. ಆಸೆನ್ ಅಲ್ಲ. ಅಲ್ಲಿ ಯಾವ ಗಂಡಸೂ ಇಲ್ಲ."

ರೂಸಿಯ ಮುಖ ಒಂದು ಗಳಿಗೆ ಸಡಿಲವಾಯಿತು. ಆಮೇಲೆ ಮತ್ತೆ ಮುಚ್ಚಿಕೊಂಡಿತು. "ಸಿಮ್ಮಲ್ಲಿದ್ದ ಹೆಸರಿಗೆಲ್ಲ ಅದು ತಾನಾಗಿ ಮಾಡ್ತು ಅಂದೆ."

"ಹೂಂ."

"ನಂಗೆ ಮಾಡ್ಲಿಲ್ಲ."

ಮಿಂಚೋ ನಿಜ ಹೇಳುವ ಉತ್ಸಾಹದಲ್ಲಿದ್ದ. "ನಿನ್ನ ನಂಬರು ಅದರಲ್ಲಿ ಇಲ್ಲವಲ್ಲ, ರೂಸಣ್ಣ."

ಹೇಳಿದ ಮೇಲೆ ಗೊತ್ತಾಯಿತು. ಮೇಕೆ ಕಾಯುವವನ ನಂಬರಿದೆ, ಗಂಡನದಿಲ್ಲ. ಇದಕ್ಕಿಂತ ಆಸೆನ್ ಎಷ್ಟೋ ವಾಸಿಯಿದ್ದ. ರೂಸಿ ತಲೆ ಬಗ್ಗಿಸಿ ತನ್ನ ಖಾಲಿ ಜಾಗವನ್ನು ನೋಡಿದ. ಅದು ಅವನಿಗೆ ಸರಿಯಾದ ಅಳತೆಯಲ್ಲೇ ಇತ್ತು.

ದೋಂಕಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಏನು ಮುಖ ಅದು? ಇಲ್ಲಿ ಯಾವ ಹೆಂಗಸು ಗಂಡನ ನಂಬರು ಬರ್ಕೊಂಡಿದಾಳೆ? ಪೆಂಕಾ, ನೀನು? ವಾಸ್ಕಾ? ನಾನಂತೂ ಇಲ್ಲ. ಮನೆ ನಂಬರು ಯಾರಾದ್ರೂ ಬರ್ಕೊಳ್ತಾರಾ? ಅದು ಬೆರಳಿಗೇ ಗೊತ್ತಿರುತ್ತೆ. ಮಿಂಚೋ, ಆ ಟಾರ್ಚು ಹಿಡಿ. ಬರೀ ಹೆಸರು ನೋಡಿದೆಯಾ, ಯಾರ್‍ಯಾರಿಗೆ ಮಾಡಿದೆ ಅಂತ ನೋಡಿದೆಯಾ?"

ಅವನು ನೋಡಿರಲಿಲ್ಲ. ಟಾರ್ಚು ಓರೆಯಾಗಿ ಹಿಡಿದ. ಮಂಜಿನಲ್ಲಿ ಊರೆಲ್ಲ ಅವನ ಭುಜದ ಮೇಲೆ ಬಗ್ಗಿತು. ಕಪ್ಪು ಗಾಜಿನ ತಳದಲ್ಲಿ ಮಾಡಿದ ಕರೆಗಳು ಒಂದರ ಕೆಳಗೊಂದು ಕ್ಷೀಣವಾಗಿ ಕಂಡವು. ಪೆಂಕಾ. ಪಾದ್ರಿ. ದೋಂಕಾ. ನಡುವೆ ಹೆಸರಿಲ್ಲದ ಒಂದು ಬರಿಯ ನಂಬರು. ಕೆಳಗೆ ಮತ್ತೆ ಅದೇ. ಮತ್ತೆ ಅದೇ.

"ಇದು ಯಾರದು?" ಎಂದಳು ಮೇಯರಮ್ಮ.

ಪೆಂಕಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅದು ರೂಸಣ್ಣನ ಮನೆ ಫೋನು."

ಮಿಂಚೋ ಆ ನಂಬರನ್ನು ಮತ್ತೊಮ್ಮೆ ಓದಿದ. ಸಿಮ್ಮಿನಲ್ಲಿದ್ದ ಹೆಸರುಗಳ ಮೇಲೆ ಹುಚ್ಚು ಗಾಜು ತಾನಾಗಿ ಒತ್ತಿತು ಎಂದರೆ ಅವನು ಒಪ್ಪಬಲ್ಲ. ಆದರೆ ಬರೆದಿಡದ ನಂಬರನ್ನು ಒಂದೊಂದೇ ಅಂಕಿ ಒತ್ತಿ, ಸಾಲಾಗಿ, ತಪ್ಪಿಲ್ಲದೆ, ದಿನಾ ಮಾಡಬೇಕಾದರೆ? ಅದಕ್ಕೆ ಯಾವ ಕಡತದ ಯಾವ ಸಾಲು ಕಾರಣ? ದೆವ್ವವಿಲ್ಲವೆಂದು ತೋರಿಸಲು ಆ ಸ್ಮಶಾನಕ್ಕೆ ಬಂದವನು ಅವನೊಬ್ಬನೇ. ಈಗ ಅಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನೂ ಅವನೇ.

"ರಿಂಗ್ ಆಗ್ಲೇ ಇಲ್ವಲ್ಲ," ಎಂದ ರೂಸಿ. ಆಮೇಲೆ ತನ್ನಷ್ಟಕ್ಕೆ, ನಿಧಾನವಾಗಿ: "ಹೂತು ಬಂದ ದಿನಾನೇ ತಂತಿ ಕಿತ್ತು ಬಿಟ್ಟಿದ್ದೆ. ಇನ್ನು ನಂಗೆ ಯಾರು ಮಾಡ್ತಾರೆ ಅಂತ."

"ಕತ್ತೆ," ಎಂದಳು ದೋಂಕಾ, ಕಣ್ಣೊರೆಸಿಕೊಳ್ಳುತ್ತಾ. "ಆ ಕಡೆ ಅವಳೆಷ್ಟು ಬಯ್ಕೊಂಡಿರ್ಬೇಕು."

"ಹೂಂ," ಎಂದ ರೂಸಿ. ಅವನ ಮೀಸೆಯ ಕೆಳಗೆ ಏನೋ ಅಲುಗಿತು. "ಬಯ್ಕೊಂಡಿರ್ತಾಳೆ." ಅವನು ಪೆಂಕಾಳ ಕೈಯಿಂದ ಗೋಧಿಯ ಲೋಟ ತೆಗೆದುಕೊಂಡು ಒಂದು ಚಮಚ ತಿಂದ. ಇನ್ನೊಂದು ತಿಂದ. ಊರೆಲ್ಲ ಉಸಿರು ಹಿಡಿದು ಒಬ್ಬ ಮುದುಕ ಗೋಧಿ ತಿನ್ನುವುದನ್ನು ನೋಡಿತು. ಲೋಟ ಖಾಲಿಯಾದ ಮೇಲೆ ಅವನು ಮಿಂಚೋನ ಕಡೆ ತಿರುಗಿ ಅಂದ: "ನನ್ನ ಟೆಲಿಫೋನು ಕೊಡು. ಸಾಯಿಸಿಲ್ಲ ತಾನೆ?"

ಮುಂದಿನ ವಾರ, ಕಡತ ಕಳಿಸಿ ಕೇಳಿದ್ದ ಪ್ರಶ್ನೆಗೆ ಇಂಟರ್‌ನೆಟ್ಟಿನಿಂದ ಮಿಂಚೋಗೆ ಉತ್ತರ ಬಂತು. ಪೋರ್ಚುಗಲ್ಲಿನ ಯಾರೋ ಪುಣ್ಯಾತ್ಮ ಕಡತ ಓದಿ, ತಪ್ಪಿರುವುದು ಒಂದೇ ಸಾಲಿನಲ್ಲಿ ಎಂದು ತೋರಿಸಿದ್ದ. ಅದನ್ನು ತಿದ್ದಿದರೆ ದೀಪವೂ ಹೊತ್ತುತ್ತದೆ, ಗಾಜಿನ ಹುಚ್ಚೂ ಬಿಡುತ್ತದೆ. ತಿದ್ದಿ ಕಳಿಸು, ಪಟ್ಟಿಯಲ್ಲಿ ನಿನ್ನ ಹೆಸರು ಹಾಕುತ್ತೇವೆ ಎಂದಿದ್ದ.

ಮಿಂಚೋ ಆ ಸಾಲಿನ ಮುಂದೆ ಒಂದು ಬೆಳಗು ಕೂತ. ಆಮೇಲೆ ಲ್ಯಾಪ್‌ಟಾಪು ಮುಚ್ಚಿ, ಫೋನನ್ನು ದಾನದ ಚಾರ್ಜರಿಗೆ ಸಿಕ್ಕಿಸಿ, ಹಲಗೆಯ ಮೇಲೆ ಮೊದಲಿನಂತೆಯೇ ಒರಗಿಸಿದ. ಅಂದಿನಿಂದ ಪಂಪ್‌ಮನೆಯಲ್ಲಿ ಅವನು ಬಯ್ಯುವುದಿಲ್ಲ; ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮುತ್ತಾನೆ.

ಡಿಸೆಂಬರಿನಲ್ಲಿ ಹಿಮ ಬಿದ್ದು ಊರಿಗೆ ಕರೆಂಟಿಲ್ಲದೆ ಹೋಯಿತು. ಪಂಪು ನಿಂತಿತು, ಚಾರ್ಜರ್ ನಿಂತಿತು, ಫೋನಿನ ಬ್ಯಾಟರಿ ಪೂರ್ತಿ ಇಳಿದು ಅದು ಈ ಸಲ ನಿಜವಾಗಿ ಕಣ್ಣು ಮುಚ್ಚಿತು. ಅದಾದ ಮರುದಿನ ಸೌದೆ ಕೊಡಲು ಹೋದ ಮಿಂಚೋಗೆ ರೂಸಿ ಬಾಗಿಲಲ್ಲೇ ಸಿಕ್ಕಿದ, ಕೈಯಲ್ಲಿ ಸೂಪಿನ ಚಮಚ.

"ಇವತ್ತು ಮಾಡಿದ್ಲು ಕಣೋ. ನೀರಿನ ಸದ್ದೇ ಇರ್ಲಿಲ್ಲ. ಸ್ಪಷ್ಟವಾಗಿತ್ತು."

"ಏನಂದ್ಲು?" ಎಂದ ಮಿಂಚೋ.

"ಉಪ್ಪು ಹಾಕಿದ್ಯಾ ಅಂದ್ಲು."

ಮಿಂಚೋ ಸೌದೆ ಇಳಿಸಿ ಮನೆಗೆ ಬಂದ.

ಒಟ್ಟಿನಲ್ಲಿ ಸಿಕ್ಕಿದ್ದು ಇಷ್ಟು: ರೂಸಿ ಈಗ ಎರಡು ಹೊತ್ತು ಉಣ್ಣುತ್ತಾನೆ. ಹೋದದ್ದು ಇಷ್ಟು: ಮಿಂಚೋನ ಹೆಸರು ಆ ಪಟ್ಟಿಗೆ ಸೇರಲಿಲ್ಲ, ಮತ್ತು ಪಂಪ್‌ಮನೆಯಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ.